ಕೈಲಾಸದೊಳಗಿನ ಟೊಪ್ಪಿಗೆ

ಮೊನ್ನೆ ಹೊಸಪೇಟೆಯ ಕಣ್ಣಿನ ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಹಲಗೆ ತೋರಿಸಿ ಏನು ಕಾಣುತ್ತದೆ ಎಂದು ಕೇಳಿದರು. ನನಗೆ ನಗು ಬಂತು. ಎಳೆಯ ವಯಸ್ಸಿನ ಡಾಕ್ಟರು, ತಮ್ಮನ್ನು ನೋಡಿ ನಕ್ಕಳೆಂದು ಮುಖ ಸಣ್ಣಗೆ ಮಾಡಿಕೊಂಡರು. ಅವರಿಗೆ ಹೇಗೆ ಹೇಳಲಿ? ಮದುವೆಗೆ ಮುಂಚೆ ನಮ್ಮ ಮನೆಯಲ್ಲಿ ದಿನ ಬೆಳಗಾದರೆ ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿ ಕೇಳುತ್ತಿದ್ದ ಪ್ರಶ್ನೆಯೇ ಅದು. ನಾನು ಕಂಡದ್ದನ್ನು ಹೇಳುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಈ ಡಾಕ್ಟರು ಪಾಪ, ಬೈಯದೆ ಕನ್ನಡಕ ಬರೆದುಕೊಟ್ಟರು. ನನ್ನ ಕಾಲದಲ್ಲಿ ಆ ಅನುಕೂಲ ಇರಲಿಲ್ಲ. ಕಾಣದಿದ್ದರೆ ಕಣ್ಣಿನ ದೋಷ ಅಲ್ಲ, ಭಕ್ತಿಯ ದೋಷ ಅಂತ ತೀರ್ಮಾನ.

ನನ್ನ ತವರು ಕಂಪ್ಲಿ. ಬಳ್ಳಾರಿ ಸೀಮೆ ಇನ್ನೂ ಮದರಾಸಿನವರ ಕೈಯಲ್ಲಿದ್ದ ಕಾಲ. ನಮ್ಮಪ್ಪ ಚೆನ್ನಬಸಪ್ಪನವರದು ಅಕ್ಕಿ ಗಿರಣಿ. ಗಿರಣಿಗೂ ನಮ್ಮ ಪಡಸಾಲೆಗೂ ಒಂದೇ ಗೋಡೆ. ಆ ಕಡೆ ಎಂಜಿನ್ನು ಶುರುವಾಯಿತೆಂದರೆ ಈ ಕಡೆ ಗೂಡಿನಲ್ಲಿಟ್ಟ ತಂಬಿಗೆ ಕಾಲು ಬಂದವರ ಹಾಗೆ ನಡೆದು ಅಂಚಿಗೆ ಬರುವುದು. ಮನೆಗೆ ಹೊಸಬರು ಬಂದರೆ ಭೂಕಂಪವೆಂದು ಎದ್ದು ನಿಲ್ಲುವರು. ನಮಗೆ ಮಾತ್ರ ಗೋಡೆ ನಡುಗದಿದ್ದ ದಿನ ನಿದ್ದೆ ಬರುತ್ತಿರಲಿಲ್ಲ.

ನನಗೆ ಹದಿನೇಳು ತುಂಬಿದ ವರ್ಷ ಅವ್ವ ಜ್ವರದಲ್ಲಿ ತೀರಿಕೊಂಡಳು. ಬಂದವರೆಲ್ಲ ಅಪ್ಪನಿಗೆ ಒಂದೇ ಮಾತು ಹೇಳಿದರು: ಅಳಬೇಡಿ, ಮಹಾತಾಯಿ ಕೈಲಾಸ ಸೇರಿದಳು. ಹೇಳಿದವರು ಹೇಳಿ ಹೋದರು. ಅಪ್ಪನದು ವ್ಯಾಪಾರಸ್ಥರ ಬುದ್ಧಿ. ಕಳಿಸಿದ ಸರಕು ಯಾವ ಊರು ಮುಟ್ಟಿತು, ಆ ಊರು ಹೇಗಿದೆ ಎಂದು ತಿಳಿಯದೆ ಅವರಿಗೆ ಸಮಾಧಾನವಿಲ್ಲ. ಕೈಲಾಸದ ಒಂದು ದೊಡ್ಡ ಚಿತ್ರ ಬರೆಸಿ ಪಡಸಾಲೆಯಲ್ಲಿ ಹಾಕಬೇಕು ಎಂದು ಮನಸ್ಸು ಮಾಡಿದರು.

ಇದನ್ನು ಕೇಳಿ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ತನ್ನ ಎಲೆಅಡಿಕೆ ಚೀಲದಿಂದ ತಲೆ ಎತ್ತಿದಳು. ಅಜ್ಜಿಗೆ ಹಲ್ಲು ಹೋಗಿದ್ದವು, ನಾಲಿಗೆ ಮಾತ್ರ ಹೊಸದಾಗಿ ಬಂದ ಹಾಗಿತ್ತು. "ಕೊರಳಾಗ ಲಿಂಗ ಕಟಿಗೊಂಡು ಗ್ವಾಡಿ ಮ್ಯಾಲ ಶಿವನ್ನ ಹುಡುಕತಿಯಲ್ಲೋ ಚೆನ್ನ್ಯಾ," ಅಂದಳು. ಅಪ್ಪ ಹೆಗಲಿಗೆ ಟವೆಲ್ಲು ಹಾಕಿಕೊಂಡು ಗಿರಣಿಗೆ ನಡೆದರು. ಅವರು ಹುಡುಕುತ್ತಿದ್ದದ್ದು ಶಿವನನ್ನಷ್ಟೇ ಅಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಅಜ್ಜಿಗೆ ತಿಳಿದಿತ್ತು ಎಂದು ಈಗ ಅನಿಸುತ್ತದೆ.

ಆ ದಿನಗಳಲ್ಲಿ ಹೊಸಪೇಟೆಯಲ್ಲಿ ಒಂದು ನಾಟಕ ಕಂಪನಿ ಒಡೆದು ದಿಕ್ಕಾಪಾಲಾಗಿತ್ತು. ರಾಜ ಪಾರ್ಟಿನವನು ಒಂದು ಕಡೆ, ರಾಣಿ ಪಾರ್ಟಿನವನು ಇನ್ನೊಂದು ಕಡೆ ಹೋದರು. ಪರದೆ ಬರೆಯುವ ಮಾನಪ್ಪ ಮಾತ್ರ ಬಣ್ಣದ ಡಬ್ಬಿ, ಒಂದು ಸುರುಳಿ ಪರದೆ ಬಟ್ಟೆಯ ಜೊತೆ ಅಲ್ಲೇ ಉಳಿದಿದ್ದ. ಅರಮನೆ, ಅಡವಿ, ಸ್ಮಶಾನ, ಏನು ಬೇಕಾದರೂ ಬರೆದು ಪಳಗಿದ ಕೈ. ಅಪ್ಪ ಅವನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಕಂಪ್ಲಿಗೆ ಕರೆತಂದರು.

ಮೊದಲನೇ ದಿನವೇ ತೊಡಕು ಬಂತು. ಮಾನಪ್ಪ ಹಿಮ ನೋಡಿದವನಲ್ಲ. ನಮ್ಮ ಕಡೆ ತಣ್ಣಗಿರುವ ವಸ್ತುವೆಂದರೆ ಹೂಜಿಯ ನೀರು ಒಂದೇ. ಬಿಳೀ ಗುಡ್ಡ ಬರೆದರೆ ಸುಣ್ಣದ ಭಟ್ಟಿಯ ಹಾಗೆ ಕಾಣುತ್ತದೆ ಅಂದ. ಅಪ್ಪ ಯೋಚಿಸಿ, ವಿರೂಪಾಕ್ಷ ಎಲ್ಲಿದ್ದಾನೋ ಅದೇ ಕೈಲಾಸ ಎಂದು ಹೇಳಿ, ಅವನನ್ನು ಹಂಪಿಗೆ ಕರೆದೊಯ್ದು ಹೇಮಕೂಟದ ಬಂಡೆಯ ಮೇಲೆ ಕೂಡಿಸಿದರು. ಹೀಗಾಗಿ ನಮ್ಮ ಕೈಲಾಸದಲ್ಲಿ ಹಿಮವಿಲ್ಲ. ಯಾರೋ ದೊಡ್ಡವರು ಸಿಟ್ಟಿನಿಂದ ಬುಟ್ಟಿ ಬೋರಲು ಹಾಕಿ ಚೆಲ್ಲಿದಂಥ ಬಂಡೆಗುಂಡುಗಳು. ನಡುವೆ ಹೊಳೆ. ಹೊಳೆಯಲ್ಲಿ ಒಂದು ಹರಗೋಲು. ಕೈಲಾಸದಲ್ಲಿ ಹರಗೋಲು ಯಾಕೆ ಎಂದು ಕೇಳಿದ್ದಕ್ಕೆ ಮಾನಪ್ಪ, ಇತ್ತು, ಬರೆದೆ ಅಂದ.

ಮನೆಗೆ ಬಂದು ಪಡಸಾಲೆಯ ಗೋಡೆಗೆ ಬಟ್ಟೆ ಬಿಗಿದು ಬರೆಯತೊಡಗಿದ. ಗುಂಡು ಮುಗಿಯಿತು, ಹೊಳೆ ಮುಗಿಯಿತು, ಆಕಾಶ ಮುಗಿಯಿತು. ನಡುವೆ ಶಿವ ಪಾರ್ವತಿಯರಿಗೆ ಜಾಗ ಬಿಟ್ಟಿತ್ತು. ಅಷ್ಟರಲ್ಲಿ ಗದಗಿನ ಇನ್ನೊಂದು ಕಂಪನಿಯವರು ಮಾನಪ್ಪನಿಗೆ ಕರೆ ಕಳಿಸಿದರು. ಅವನು ಬಿಟ್ಟ ಜಾಗದಲ್ಲಿ ಅವಸರದಿಂದ ನಾಲ್ಕು ಗುಂಡು ಉರುಳಿಸಿ, ಡಬ್ಬಿ ಮುಚ್ಚಿದ. ಅಪ್ಪ ಗಿರಣಿಯಿಂದ ಬಂದು ನೋಡಿ, ಶಿವ ಎಲ್ಲಿ ಎಂದು ಕೇಳಿದರು.

ಮಾನಪ್ಪ ನಾಟಕದವರ ಜೊತೆ ಬಾಳಿದವನು. ಕೈ ಮುಗಿದು, "ಅದಾನ್ರಿ ಯಜಮಾನ್ರ. ಮನಸಿಟ್ಟು ನೋಡಿದ್ರ ಕಾಣ್ತಾನ," ಅಂದು ಗಾಡಿ ಹತ್ತಿದ.

ಬೇರೆ ಯಾರಾಗಿದ್ದರೂ ಬೆನ್ನಟ್ಟಿ ಹೋಗುತ್ತಿದ್ದರು. ಅಪ್ಪ ಚಿತ್ರದ ಮುಂದೆ ಮಣೆ ಹಾಕಿಕೊಂಡು ಕೂತರು. ಸಂಜೆಯಾಗುವ ಹೊತ್ತಿಗೆ ಅವರಿಗೆ ಶಿವ ಕಂಡಿದ್ದ. ಎರಡು ಗುಂಡು ಭುಜ, ಮೇಲಿನದು ತಲೆ, ಬಂಡೆಯ ಸೀಳು ಮೂರನೇ ಕಣ್ಣು. ಮರುದಿನ ಗಿರಣಿಯ ಗುಮಾಸ್ತನಿಗೆ ಕಂಡಿತು. ಯಜಮಾನರಿಗೆ ಕಂಡ ಮೇಲೆ ಅವನಿಗೆ ಕಾಣದೆ ಇರುತ್ತದೆಯೇ? ಅವನಿಗೆ ನಂದಿಯೂ ಕಂಡಿತು. ಭತ್ತ ಕುಟ್ಟಿಸಲು ಬಂದವರಿಗೆ ಗಣಪತಿ, ಷಣ್ಮುಖ, ನಾಗಪ್ಪ ಕಂಡರು. ಸರದಿ ಜಲ್ದಿ ಬರಬೇಕೆನ್ನುವವರಿಗೆ ಹೆಚ್ಚು ಹೆಚ್ಚು ದೇವರು ಕಾಣುತ್ತಿದ್ದವು. ಒಬ್ಬ ರೈತನಂತೂ ಗಣಪತಿಯ ಇಲಿಯನ್ನೂ ಅದರ ಬಾಲವನ್ನೂ ತೋರಿಸಿ, ಎಲ್ಲರಿಗಿಂತ ಮುಂಚೆ ಅಕ್ಕಿ ಹೊತ್ತು ಹೋದ.

ನನಗೆ ಮಾತ್ರ ಗುಂಡು ಕಂಡವು. ಬಹಳ ಮನಸ್ಸಿಟ್ಟು ನೋಡಿದರೆ ಒಂದು ಎಮ್ಮೆ ಕಾಣುತ್ತಿತ್ತು, ಮಲಗಿದ್ದು. ಅದನ್ನು ಹೇಳಿದ್ದಕ್ಕೆ ಅಪ್ಪ ಬಹಳ ನೊಂದುಕೊಂಡರು. ಊರಲ್ಲಿ ನನಗೆ ಎಮ್ಮೆ ಗಂಗವ್ವ ಎಂದು ಹೆಸರಾಯಿತು. ಶಿವನನ್ನೇ ಕಾಣದ ಹುಡುಗಿ ಅತ್ತೆ ಮಾವಂದಿರನ್ನು ಏನು ಕಂಡಾಳು ಎಂದು ಒಂದು ಸಂಬಂಧ ಹಿಂದೆ ಹೋಯಿತು. ಅಜ್ಜಿ ಮಾತ್ರ ನನ್ನ ಪಕ್ಷ. ತನಗೂ ಕಂಡಿಲ್ಲ ಎಂದು ಎದುರಿಗೇ ಹೇಳಿದಳು. ಹಾಗಾದರೆ ಶಿವ ಎಲ್ಲಿ ಎಂದು ಗುಮಾಸ್ತ ಕೆಣಕಿದ. "ಶಿವ ಮನ್ಯಾಗಿಲ್ಲಪಾ. ಆ ಹರಗೋಲಿನ್ಯಾಗ ದಾಟಿ ಆನೆಗೊಂದಿ ಸಂತಿಗಿ ಹೋಗ್ಯಾನ," ಅಂದಳು.

ಹೀಗೆ ಎರಡು ಮಳೆಗಾಲ ಕಳೆದವು. ಆಮೇಲೆ ನಿಜವಾಗಿ ಒಂದು ಸಂಗತಿ ನಡೆಯಿತು.

ಎಂಜಿನ್ನಿನ ನಡುಕಕ್ಕೆ ಚಿತ್ರದ ಬಣ್ಣ ಪುಡಿಯಾಗಿ ಉದುರುತ್ತಿತ್ತು. ಒಂದು ಮುಂಜಾನೆ ನಾನು ಕಸ ಹೊಡೆಯುತ್ತ ತಲೆ ಎತ್ತಿ ನೋಡಿದರೆ, ನಡುವಿನ ಗುಂಡಿನೊಳಗಿಂದ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು. ಇದು ಗುಂಡಿನ ಸೀಳಲ್ಲ. ರೆಪ್ಪೆ, ಹುಬ್ಬು, ನಡುವೆ ಕಪ್ಪು ಗೊಂಬೆ ಇರುವ ಕಣ್ಣು. ಹೆಣ್ಣಿನ ಕಣ್ಣು. ನಾನು ಪೊರಕೆ ಬಿಟ್ಟು ಒಳಗೆ ಓಡಿದೆ. ಇದನ್ನು ಮೊದಲು ಕಂಡವಳು ಎಮ್ಮೆ ಗಂಗವ್ವನೇ ಎಂಬುದನ್ನು ಊರು ಆಮೇಲೆ ಮರೆಯಿತು.

ಊರಿಗೆ ಊರೇ ಬಂತು. ಪಾರ್ವತಿ ಮೂಡುತ್ತಿದ್ದಾಳೆ ಎಂದು ಸುದ್ದಿಯಾಯಿತು. ದಿನಾ ಕಾಯಿ ಒಡೆದರು. ಉದುರಿದ ಬಣ್ಣದ ಪುಡಿಯನ್ನು ಮಂದಿ ಪ್ರಸಾದವೆಂದು ಹಣೆಗೆ ಹಚ್ಚಿಕೊಂಡರು. ಆ ವಾರ ಕಂಪ್ಲಿಯ ಪೇಟೆಯಲ್ಲಿ ಎದುರಾದವರೆಲ್ಲರ ಹಣೆ ಹೇಮಕೂಟದ ಬಣ್ಣಕ್ಕಿತ್ತು. ಪಕ್ಕದ ಮನೆಯ ಬಸಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಪುಡಿಯನ್ನು ನಾಲಿಗೆಗೆ ಹಾಕಿಕೊಂಡು, ಮೂರು ದಿನ ತಂಬಿಗೆ ಕೈಬಿಡಲಿಲ್ಲ. ದೇವಿ ಶುದ್ಧ ಮಾಡಿದಳು ಎಂದು ಆಕೆಯೇ ಹೇಳಿಕೊಂಡಳು.

ಒಂದು ಮಧ್ಯಾಹ್ನ ಗಿರಣಿ ನಿಂತು, ಮಂದಿಯೆಲ್ಲ ಹೋದ ಮೇಲೆ, ಅಪ್ಪ ನನ್ನನ್ನು ಕರೆದು ಹತ್ತಿರ ಕೂಡಿಸಿಕೊಂಡರು. ಮೆಲ್ಲಗೆ ಅಂದರು:

"ಗಂಗಾ, ಮಂದಿ ಪಾರ್ವತಿ ಅಂತಾರ. ಅನ್ಲಿ. ಆ ಕಣ್ಣು ಚೊಲೊ ನೋಡು. ನಿಮ್ಮವ್ವಂದು ಅದು."

ನಾನು ನೋಡಿದೆ. ಅವ್ವನದು ಸ್ವಲ್ಪ ಮೆಳ್ಳಗಣ್ಣು. ನನ್ನನ್ನು ನೋಡುವಾಗಲೆಲ್ಲ ನನ್ನ ಕಿವಿಯನ್ನು ನೋಡುತ್ತಿದ್ದಾಳೆ ಅನಿಸುತ್ತಿತ್ತು. ಗೋಡೆಯ ಮೇಲಿನ ಕಣ್ಣು ನೆಟ್ಟಗೆ ನೋಡುತ್ತಿತ್ತು. ಅದನ್ನು ಹೇಳಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ ಮುಚ್ಚಿದೆ. ಅವ್ವ ಹೋದ ಮೇಲೆ ಆ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡೇ ಇರಲಿಲ್ಲ. ಎಲ್ಲರಿಗೂ ಎಲ್ಲವೂ ಕಾಣುವ ಚಿತ್ರದಲ್ಲಿ ನನಗೆ ಕಾಣುವುದು ಕಾಣದಿರಲಿ ಎಂದು ಮೊದಲ ಬಾರಿ ಬೇಡಿಕೊಂಡೆ.

ಚಳಿಗಾಲದ ಕೊನೆಗೆ ಸಂಡೂರಿನಿಂದ ಒಂದು ಸಂಬಂಧ ಬಂತು. ನನಗಾಗ ಹತ್ತೊಂಬತ್ತು, ಆ ಕಾಲಕ್ಕೆ ಅದು ಹುಡುಗಿಯ ವಯಸ್ಸಲ್ಲ. ಹುಡುಗ ಅಲ್ಲಿನ ಒಂದು ಮ್ಯಾಂಗನೀಸ್ ಕಂಪನಿಯಲ್ಲಿ ಗುಡ್ಡ ಅಳೆಯುವ ಕೆಲಸದಲ್ಲಿದ್ದ. ಅವರಪ್ಪ ಕಿರಾಣಿ ಅಂಗಡಿಯವರು, ದೊಡ್ಡ ಭಕ್ತರು. ನಮ್ಮ ಮನೆಯ ಪವಾಡದ ಸುದ್ದಿ ಕೇಳಿಯೇ ಈ ಸಂಬಂಧಕ್ಕೆ ಒಪ್ಪಿ ಬಂದಿದ್ದರು. ಹೆಣ್ಣು ನೋಡುವ ಮುಂಚೆ ಗೋಡೆ ನೋಡಿದರು. ಅಷ್ಟರಲ್ಲಿ ಕಣ್ಣಿನ ಮೇಲೆ ಬಾಗಿದ ಒಂದು ಅಂಚು, ಅದರ ಮೇಲೆ ಒಂದು ಗುಡ್ಡೆ ಮೂಡಿತ್ತು. ದೇವಿಯ ಜಡೆಯ ಮುಡಿ ಎಂದು ಎಲ್ಲರೂ ಒಪ್ಪಿದ್ದರು. ಬೀಗರಾಗಬೇಕಾದವರು ಉದ್ದಕ್ಕೆ ಅಡ್ಡಬಿದ್ದರು.

ನಾನು ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹುಡುಗ ಅಡ್ಡಬೀಳದೆ, ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಅಡ್ಡಡ್ಡ ನೋಡುತ್ತಿದ್ದ. ಗುಡ್ಡ ಕಂಡರೆ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವುದು ಅವನ ಉದ್ಯೋಗ, ಕೈಲಾಸವಾದರೂ ಅಷ್ಟೇ. ಅಪ್ಪ ಪ್ರೀತಿಯಿಂದ, ನಿಮಗೆ ದೇವಿ ಕಂಡಳೇ ಎಂದು ಕೇಳಿದರು.

ಹುಡುಗ ಎಲ್ಲರ ಕಡೆ ಒಮ್ಮೆ ನೋಡಿ, ತಡವರಿಸುತ್ತ ಹೇಳಿದ: "ಕಣ್ಣು ಖರೇನ ಐತ್ರಿ. ಆದ್ರ ಮ್ಯಾಲಿಂದು ಮುಡಿ ಅಲ್ಲ, ಟೊಪ್ಪಿಗಿ. ಬಟ್ಟಿ ಹಳೇದೈತಿ. ಮೊದ್ಲು ಬರದಿದ್ದ ಚಿತ್ರ ಹೊರಗ ಬರಾಕತ್ತೈತಿ."

ನಾನು ನಕ್ಕುಬಿಟ್ಟೆ. ಸಣ್ಣಗೆ ಅಲ್ಲ. ತಟ್ಟೆ ಅಲುಗಿ ಮಂಡಕ್ಕಿ ಬೀಗರ ತಲೆಯ ಮೇಲೆ ಉದುರುವಷ್ಟು. ಎರಡು ವರ್ಷ ಗುಂಡು ನೋಡಿ ಗುಂಡು ಎಂದು ಹೇಳಿ ಬೈಸಿಕೊಂಡವಳಿಗೆ, ಟೊಪ್ಪಿಗೆ ನೋಡಿ ಟೊಪ್ಪಿಗೆ ಎನ್ನುವ ಒಬ್ಬ ಮನುಷ್ಯ ಸಿಕ್ಕಿದ್ದ. ಆದರೆ ನಗು ಅರ್ಧಕ್ಕೆ ಬಂದಾಗ ಅಪ್ಪನ ಮುಖ ಕಂಡಿತು. ಆ ಮುಖದಿಂದ ಯಾರೋ ದೀಪ ಎತ್ತಿಕೊಂಡು ಹೋದ ಹಾಗಿತ್ತು.

ಹುಡುಗನ ತಂದೆ ಮಗನನ್ನು ಅಲ್ಲೇ ಬೈದರು. ಅಪ್ಪ ಬೈಯಲಿಲ್ಲ. ಕೈ ಮುಗಿದು, ಬಿಸಿಲು ಏರುವ ಮೊದಲು ಹೊರಡಿ ಎಂದಷ್ಟೇ ಹೇಳಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನೀನೂ ನಕ್ಕಿ," ಅಂದರು. ನಾನು ನಕ್ಕದ್ದು ನಿಮ್ಮನ್ನು ನೋಡಿ ಅಲ್ಲ ಎಂದು ಹೇಳಿದೆ. ಅದು ಅವರಿಗೆ ಮುಟ್ಟಲಿಲ್ಲ. ಯುಗಾದಿ ಬರುವವರೆಗೆ ನಮ್ಮಿಬ್ಬರ ನಡುವೆ ಊಟಕ್ಕೆ ಬರ್ರಿ, ಒಲ್ಲೆ, ಇಷ್ಟೇ ಮಾತು.

ಬೇಸಿಗೆ ಬಂತು. ಬಳ್ಳಾರಿ ಸೀಮೆಯ ಬೇಸಿಗೆಗೆ ಯಾರ ಮುಲಾಜೂ ಇಲ್ಲ. ಮೇಲಿನ ಬಣ್ಣವೆಲ್ಲ ಹಕ್ಕಳೆ ಎದ್ದು ಉದುರಿತು. ಮೊದಲು ಟೊಪ್ಪಿಗೆಯ ಅಗಲ ಅಂಚು ಸ್ಪಷ್ಟವಾಯಿತು, ಆಮೇಲೆ ಅದರ ಮೇಲಿನ ಗುಲಾಬಿ ಹೂ. ಶಿವನ ತ್ರಿಶೂಲ ಎಂದು ಗುಮಾಸ್ತ ತೋರಿಸುತ್ತಿದ್ದ ಗೆರೆ ಕೊಡೆಯ ಕಡ್ಡಿಯಾಯಿತು. ಅವನ ನಂದಿ ಕುದುರೆ ಗಾಡಿಯ ಕುದುರೆಯಾಯಿತು. ಕಡೆಗೆ ಕೈಗವಸು ಹಾಕಿದ ಒಂದು ಕೈ ಹೊರಗೆ ಬಂತು. ಹೇಮಕೂಟದ ಗುಂಡುಗಳ ನಡುವೆ, ಹೊಳೆಯ ದಂಡೆಯ ಮೇಲೆ, ಕೊಡೆ ಹಿಡಿದು ನಿಂತವಳು ಒಬ್ಬ ಮೇಮ್ ಸಾಹೇಬಳು. ಯಾವುದೋ ನಾಟಕಕ್ಕೆಂದು ಬರೆದ ಮುಂಬಯಿ ಬೀದಿಯ ಪರದೆಯ ಮೇಲೆ ಮಾನಪ್ಪ ನಮ್ಮ ಕೈಲಾಸ ಬರೆದಿದ್ದ.

ಕಾಯಿ ಒಡೆದ ಅದೇ ಮಂದಿ ಈಗ ನಗಲು ಬಂದರು. ಬಸಮ್ಮ ತಾನು ತಿಂದದ್ದು ಯಾವ ಜಾತಿಯ ಪುಡಿ ಎಂದು ಚಿಂತೆಗೆ ಬಿದ್ದಳು. ಗುಮಾಸ್ತನಿಗೆ ಬೇರೆ ಹೆದರಿಕೆ: ಸರ್ಕಾರದವರ ಹೆಂಗಸನ್ನು ಕುರ್ಚಿಯಿಲ್ಲದೆ ಬಿಸಿಲಲ್ಲಿ ನಿಲ್ಲಿಸಿದ್ದೇವೆ ಎಂದು ತಾಸಿಲ್ದಾರರು ಕೇಳಿದರೆ? ಅಪ್ಪ ಪಡಸಾಲೆಯಲ್ಲಿ ಕೂರುವುದನ್ನು ಬಿಟ್ಟರು. ಗಿರಣಿಯಲ್ಲೇ ಉಂಡರು, ಚೀಲಗಳ ನಡುವೆ ಮಲಗಿದರು. ಒಂದು ದಿನ ಇಬ್ಬರು ಹಮಾಲರನ್ನು ಕರೆತಂದು, ಚಿತ್ರ ಇಳಿಸಿ ಗೋಣಿಚೀಲದ ಕೋಣೆಗೆ ಹಾಕಲು ಹೇಳಿದರು.

ಅಜ್ಜಿ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳ ತಲೆ ಮೇಮ್ ಸಾಹೇಬಳ ಸೊಂಟಕ್ಕೆ ಬರುತ್ತಿತ್ತು. ಹಮಾಲರು ಹಿಂದೆ ಸರಿದರು.

"ಇಷ್ಟು ದಿನ ನಮ್ಮ ಕೈಲೆ ಕಾಯಿ ಒಡಸಿಗೊಂಡಾಕಿ," ಅಂದಳು. "ಈಗ ಟೊಪ್ಪಿಗಿ ಹಾಕ್ಯಾಳಂತ ಹೊರಗ ದಬ್ಬತೀಯೇನು? ನಿನ್ನ ಹೇಣ್ತಿ ಅಲ್ಲ ಅಂದ್ರ ಅದು ಆಕಿ ತಪ್ಪೇನೋ ಚೆನ್ನ್ಯಾ?"

ಹಮಾಲರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅಪ್ಪ ಮಣೆಯ ಮೇಲೆ ಕುಸಿದು ಕೂತು, ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಒತ್ತಿಕೊಂಡರು. ಅವ್ವ ಹೋದಾಗ ಅಳದ ಮನುಷ್ಯ, ಮಾಡುವ ಕೆಲಸ ಬಹಳ ಇದೆ ಎಂದು ತಿರುಗಾಡಿದ ಮನುಷ್ಯ, ಅಂದು ಅತ್ತರು. ನಾನು ಹತ್ತಿರ ಹೋಗಿ ಕೂತೆ. ಟವೆಲ್ಲಿನೊಳಗಿಂದಲೇ, ಅವ್ವನ ಕಣ್ಣು ಸ್ವಲ್ಪ ಓರೆ ಇತ್ತಲ್ಲವೇ ಎಂದು ಕೇಳಿದರು. ಹೌದಪ್ಪಾ ಅಂದೆ. ತಮಗೂ ಮೊದಲ ದಿನವೇ ಗೊತ್ತಿತ್ತು ಅಂದರು. ಆಮೇಲೆ ಇಬ್ಬರೂ ಅವ್ವನ ಕಣ್ಣಿನ ಮಾತು ಆಡಿದೆವು. ಆಕೆ ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಹೊರಗೆ ಹಾಕುತ್ತಿದ್ದದ್ದು, ಅಪ್ಪನನ್ನು ಬೈಯುವಾಗ ಪಕ್ಕದಲ್ಲಿದ್ದ ಗುಮಾಸ್ತ ತನಗೇ ಅಂದಳೆಂದು ಬೆವರುತ್ತಿದ್ದದ್ದು. ನಕ್ಕೆವು ಕೂಡ. ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಅವ್ವನ ಮಾತು ಮನಸ್ಸು ಬಿಚ್ಚಿ ಆಡಿದ್ದು ಅದೇ ಮೊದಲು. ಚಿತ್ರ ಗೋಡೆಯ ಮೇಲೇ ಉಳಿಯಿತು.

ಆ ಮೇಲಿನ ಕೆಲಸವನ್ನು ಅಜ್ಜಿ ಯಾರನ್ನೂ ಕೇಳದೆ ಮಾಡಿದಳು. ಸಂಡೂರಿಗೆ ಬೆಲ್ಲ ಒಯ್ಯುವ ಗಾಡಿಯವನ ಕೈಯಲ್ಲಿ ಅಂಗಡಿಯವರಿಗೆ ಬಾಯಿಮಾತು ಹೇಳಿ ಕಳಿಸಿದಳು: "ಟೊಪ್ಪಿಗಿ ಬಂತು. ಹುಡುಗನ್ನ ಕಳಸ್ರಿ."

ಹುಡುಗ ಬಂದ, ತಂದೆಯನ್ನು ಮುಂದೆ ಬಿಟ್ಟುಕೊಂಡು. ಒಳಗೆ ಬಂದವನು ಈ ಸಲ ಚಿತ್ರದ ಕಡೆ ನೋಡದೆ, ನೆಟ್ಟಗೆ ಅಪ್ಪನ ಕಾಲು ಮುಟ್ಟಿ, ಅಂದು ಹಾಗೆ ಹೇಳಬಾರದಿತ್ತು ಎಂದ. ಹೇಳಬೇಕಾದದ್ದೇ, ಒಗ್ಗರಣೆ ತಿಂದಾದ ಮೇಲೆ ಹೇಳಬಹುದಿತ್ತು ಎಂದು ಅಪ್ಪ ಅವನನ್ನು ಎಬ್ಬಿಸಿದರು. ನನ್ನನ್ನು ಕೇಳಿದಾಗ, ಆಗಲಿ ಅಂದೆ. ಅಷ್ಟು ಬೇಗ ಒಪ್ಪಬಾರದು, ನಾಚಬೇಕು ಎಂದು ಬಸಮ್ಮ ಆಮೇಲೆ ಬುದ್ಧಿ ಹೇಳಿದಳು.

ಮದುವೆ ನಮ್ಮ ಅಂಗಳದಲ್ಲೇ ಆಯಿತು. ಮೊದಲ ಪಂಕ್ತಿ ಊಟಕ್ಕೆ ಕೂತಾಗ, ಸಾಲಿನ ಕಡೆಯಲ್ಲಿ ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದ ಒಬ್ಬನ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಕಂಡಿತು. ಮಾನಪ್ಪ. ಅವನ ಕಂಪನಿ ಆ ವಾರ ಕಂಪ್ಲಿಯಲ್ಲಿ ಬಿಡಾರ ಹೂಡಿತ್ತಂತೆ. ಮದುವೆಯ ಊಟ ಎಂದು ತಿಳಿದು ಬಂದಿದ್ದನೇ ಹೊರತು ಹಂದರ, ತೋರಣಗಳ ಮರೆಯಲ್ಲಿ ಯಾರ ಮನೆ ಎಂದು ಅವನಿಗೆ ಎಲೆಯ ಮುಂದೆ ಕೂತ ಮೇಲೆ ಗೊತ್ತಾದದ್ದು. ಅಪ್ಪ ಅವನ ಮುಂದೆ ಬಂದು ನಿಂತರು. ಅವನು ಏಳಲು ಹೋದ. ಅಪ್ಪ ಹೆಗಲು ಒತ್ತಿ ಕೂಡಿಸಿ, ಇನ್ನೆರಡು ಹೋಳಿಗೆ ಬಡಿಸಿದರು. ಕೈ ತೊಳೆದ ಮೇಲೆ ಪಡಸಾಲೆಗೆ ಕರೆದೊಯ್ದರು. ನಾವು ಹೊಸ ಮದುಮಕ್ಕಳೂ ಹಿಂದೆ ಹೋದೆವು, ಹೊಡೆದಾಟವಾದರೆ ನೋಡುವುದು ತಪ್ಪಬಾರದೆಂದು.

ಮಾನಪ್ಪ ಮೇಮ್ ಸಾಹೇಬಳನ್ನು ಹಳೆಯ ಗುರುತಿನವಳನ್ನು ಕಂಡ ಹಾಗೆ ನೋಡಿದ. ಪರದೆಯ ಬಟ್ಟೆ ತುಟ್ಟಿ, ಒಂದರ ಮೇಲೊಂದು ಬರೆಯುವುದು ತಮ್ಮ ಕಸುಬಿನ ರೂಢಿ ಎಂದು ತಪ್ಪೊಪ್ಪಿಕೊಂಡ. ಆಮೇಲೆ ಹತ್ತಿರ ಹೋಗಿ ಬಟ್ಟೆಯ ಅಂಚು ಮುಟ್ಟಿ ನೋಡಿ, ದನಿ ತಗ್ಗಿಸಿದ.

"ಈಕಿನೂ ಮೊದ್ಲಿನಾಕಿ ಅಲ್ರಿ ಯಜಮಾನ್ರ. ಇದು ನಮ್ಮ ಗುರುಗಳ ಕಾಲದ ಬಟ್ಟಿ. ಈಕಿ ಕೆಳಗ ಅವರು ಬರದಿದ್ದು ಕೈಲಾಸ. ಶಿವ ಅದಾನ್ರಿ ಅದರಾಗ. ಖರೇನ ಅದಾನ."

ಅದು ನಿಜವೋ, ಹೋಳಿಗೆಯ ಋಣವೋ ನನಗೆ ಇಂದಿಗೂ ತಿಳಿಯದು. ನಮ್ಮವರಿಗಂತೂ ಕೈ ತಡೆಯಲಿಲ್ಲ. ಅಳೆಯುವವರು, ಅಗೆಯುವವರ ಜೊತೆಗಿದ್ದವರು. ತಾಂಬೂಲದ ತಟ್ಟೆಯಿಂದ ಅಡಕತ್ತು ತೆಗೆದುಕೊಂಡು, ಕೊಡೆಯ ಮೂಲೆಯಲ್ಲಿ ಒಂದಿಷ್ಟು ಕೆರೆದರೆ ಗೊತ್ತಾಗುತ್ತದೆ ಎಂದು ಮುಂದೆ ನಡೆದರು.

ಅಪ್ಪ ಅವರ ಕೈ ಹಿಡಿದರು. "ಬ್ಯಾಡ್ರಿ ಅಳಿಯಂದ್ರ. ಕೆರದು ಕರಿಯೋದು ಬ್ಯಾಡ. ಬರೋರು ತಾವ ಬರ್ತಾರ."

ಆಮೇಲೆ ಮಾನಪ್ಪನನ್ನು, ಕೆಳಗಿನ ಆ ಕೈಲಾಸದಲ್ಲಿ ಶಿವನ ಜೊತೆ ಬೇರೆ ಯಾರಾದರೂ ಇದ್ದರೇ ಎಂದು ಕೇಳಿದರು. ಮಾನಪ್ಪ ಅಪ್ಪನ ಮುಖವನ್ನೇ ನೋಡಿ, ಬಹಳ ಮಂದಿ ಇದ್ದರು, ಹೆಣ್ಣುಮಕ್ಕಳೂ ಇದ್ದರು ಎಂದ. ಅಪ್ಪ ಅಷ್ಟು ಸಾಕು ಎನ್ನುವ ಹಾಗೆ ತಲೆಯಾಡಿಸಿ, ಪಂಚೆ ಎತ್ತಿ ಕಟ್ಟಿ, ಎರಡನೆಯ ಪಂಕ್ತಿಗೆ ತುಪ್ಪ ಬಡಿಸಲು ಹೋದರು.